ಮಾಳಿಗೆ ಮುಚ್ಚಿದವರು ಯಾರು? – ಸತ್ಯವೇದದ ಕಥೆಗಳನ್ನು ಮಕ್ಕಳಿಗೆ ಸಾಹಸಕಥೆಯಾಗಿ ಬರೆದ ನನ್ನ ಅನುಭವ

ದೈತ್ಯ ಗೊಲ್ಯಾತನನ್ನು ಕವಣೆಯಿಂದ ಹೊಡೆಯಲು ದಾವೀದನು ಹಳ್ಳದಲ್ಲಿ ಎಷ್ಟು ಕಲ್ಲುಗಳನ್ನು ಆರಿಸಿಕೊಂಡನು ಎಂದು ನಮ್ಮ ಭಾನುವಾರ ಶಾಲೆಯ ಬಾಯಿಪರೀಕ್ಷೆಯಲ್ಲಿ ಕೇಳಿದಾಗ ಆರು ವರ್ಷದ ಹುಡುಗಿಯೊಬ್ಬಳು, "ಅವ ಆರಿಸಲಿಲ್ಲರಿ ಅಕ್ಕೋರ, ಚಿನ್ನಪ್ಪ ಆರಿಸಿ ಕೊಟ್ಟ" ಎಂದಳು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಚರ್ಚಿನ ಸಭಾಪಾಲಕರು ನನ್ನ ಮುಖ ನೋಡಿದರು. ಚಿನ್ನಪ್ಪನೆಂಬವನು ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲಿಯೂ ಇಲ್ಲ. ಅವನು ನಾನು ಹುಟ್ಟಿಸಿದ ಹುಡುಗ. ಒಂದನೆಯ ಸಮುವೇಲನ ಹದಿನೇಳನೆಯ ಅಧ್ಯಾಯದ ನಲವತ್ತನೆಯ ವಚನದಲ್ಲಿ ಐದು ನುಣುಪಾದ ಕಲ್ಲುಗಳನ್ನು ಆರಿಸಿಕೊಂಡವನು ದಾವೀದನೇ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಕಥೆಗೆ ಓಟ ಬರಲಿ, ಕೇಳುವ ಮಗುವಿಗೆ ತನ್ನ ವಯಸ್ಸಿನವನೊಬ್ಬ ಸಿಗಲಿ ಎಂಬ ಆಸೆಯಿಂದ ನಾನು ಚಿನ್ನಪ್ಪನನ್ನು ಹಳ್ಳಕ್ಕೆ ಇಳಿಸಿದ್ದೆ. ಆ ಮಗು ಕಥೆಯನ್ನು ನಂಬಿತ್ತು, ತಪ್ಪು ನನ್ನದಾಗಿತ್ತು.

ನಾನು ವಿಜಯಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ಐದರಿಂದ ಎಂಟು ವರ್ಷದೊಳಗಿನ ಮಕ್ಕಳ ಗುಂಪು ನನ್ನ ಪಾಲಿಗೆ ಬರುತ್ತದೆ. ಬೇಸಿಗೆಯ ರಜಾ ಬೈಬಲ್ ಶಾಲೆಗೆ ಬೆಂಗಳೂರಿನಿಂದ ತರಿಸುತ್ತಿದ್ದ ಪುಸ್ತಕಗಳಲ್ಲಿ ಕಥೆಗಳು ಸರಿಯಾಗಿಯೇ ಇದ್ದವು. ಆದರೆ ಎರಡು ಪುಟಕ್ಕೊಮ್ಮೆ ನೀತಿಪಾಠ ಬಂದು ನಿಲ್ಲುತ್ತಿತ್ತು, ಮಕ್ಕಳು ಅಲ್ಲಿಯೇ ಆಕಳಿಸುತ್ತಿದ್ದರು. ನನಗೆ ಮಾತ್ರ ಆ ಕಥೆಗಳಲ್ಲಿ ಸಾಹಸಕ್ಕೆ ಕೊರತೆಯಿದ್ದಂತೆ ಎಂದೂ ಕಂಡಿರಲಿಲ್ಲ. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯದಲ್ಲಿ 276 ಮಂದಿಯಿರುವ ಹಡಗು ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ ಒಡೆಯುತ್ತದೆ, ಎಲ್ಲರೂ ಈಜಿಯೋ ಹಲಗೆ ಹಿಡಿದೋ ಮೆಲೀತೆ ದ್ವೀಪ ಸೇರುತ್ತಾರೆ. ಇದಕ್ಕಿಂತ ಹೆಚ್ಚಿನ ಸಾಹಸವನ್ನು ನಾನು ಎಲ್ಲಿಂದ ತರಲಿ? ಕೊರತೆಯಿದ್ದದ್ದು ಆ ಅಧ್ಯಾಯದೊಳಗೆ ಹೋಗಲು ಆರು ವರ್ಷದ ಮಗುವಿಗೆ ಹಿಡಿಸುವಂಥ ಬಾಗಿಲಿನದು.

ಬಾಗಿಲಿಗಾಗಿ ನಾನು ಮೊದಲು ಆರಿಸಿದ್ದು ಹಗೇವನ್ನು. ಜೋಳ ತುಂಬಿಡುವ ನೆಲದೊಳಗಿನ ಆ ಕಣಜವನ್ನು ನಮ್ಮ ಭಾಗದ ಹಳೆಯ ವಾಡೆಗಳಲ್ಲಿ ಮಕ್ಕಳು ಈಗಲೂ ನೋಡಿರುತ್ತಾರೆ. ಕರುಣಾ ಎಂಬ ಎಂಟು ವರ್ಷದ ಹುಡುಗಿ ಮತ್ತು ಅವಳ ತಮ್ಮ ಚಿನ್ನಪ್ಪ ಅಜ್ಜನ ಮನೆಯ ಹಗೇವಿಗೆ ಇಳಿಯುತ್ತಾರೆ, ಮೇಲೆ ಬಂದಾಗ ದೋತಾನಿನ ಬಯಲಿನಲ್ಲಿ ಅಣ್ಣಂದಿರು ಯೋಸೇಫನನ್ನು ನೀರಿಲ್ಲದ ಬಾವಿಗೆ ಹಾಕಿದ ಸ್ಥಳದಲ್ಲಿರುತ್ತಾರೆ ಎಂದು ಬರೆದೆ. ಓದಿ ಕೇಳಿಸಿದಾಗ ಸಭೆಯ ಹಿರಿಯರೊಬ್ಬರು, ಹೊಲಮನೆ ಮಾಡಿದವರು, ಅರ್ಧದಲ್ಲಿಯೇ ತಡೆದರು. "ಅಕ್ಕೋರ, ಹಗೇವಿನ್ಯಾಗ ಹುಡುಗರನ್ನ ಇಳಸಬ್ಯಾಡ್ರಿ. ನಾವು ದೀಪಾ ಬಿಟ್ಟು ನೋಡಲಾರದ ದೊಡ್ಡವರನ್ನೂ ಇಳಸಂಗಿಲ್ಲ" ಎಂದರು. ಬಹುಕಾಲ ಮುಚ್ಚಿಟ್ಟ ಹಗೇವಿನಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ. ಇಳಿಬಿಟ್ಟ ದೀಪ ಆರಿದರೆ ಒಳಗೆ ಹೋದವನೂ ಉಳಿಯುವುದಿಲ್ಲ. ಮಕ್ಕಳು ಕಥೆಯನ್ನು ಕೇಳಿ ಸುಮ್ಮನಿರುವವರಲ್ಲ, ಮಾಡಿ ನೋಡುವವರು. ಆ ಹಾಳೆಗಳನ್ನು ಅಂದೇ ಹರಿದೆ.

ಎರಡನೆಯ ಬಾಗಿಲು ಕೌದಿ. ನನ್ನ ಅಜ್ಜಿ ಗುಳೇದಗುಡ್ಡದವರು; ಅವರು ಹೊಲಿದ ಕೌದಿಯಲ್ಲಿ ಹಳೆಯ ಇಳಕಲ್ಲ ಸೀರೆಯ ಸೆರಗು, ಖಣದ ತುಂಡು, ಅಜ್ಜನ ಧೋತರ ಎಲ್ಲವೂ ಇದ್ದವು. ಕರುಣಾ ಮತ್ತು ಚಿನ್ನಪ್ಪ ಮಾಳಿಗೆಯ (ಮಣ್ಣಿನ ಸಪಾಟು ಛಾವಣಿಯ) ಮೇಲೆ ಅಜ್ಜಿಯ ಕೌದಿಯೊಳಗೆ ಸೇರಿಕೊಂಡು ಒಂದು ತುಂಡಿನ ಮೇಲೆ ಬೆರಳಿಡುತ್ತಾರೆ, ಅಜ್ಜಿ ಕಥೆ ತೆಗೆಯುತ್ತಾಳೆ, ಅವರಿಬ್ಬರೂ ಅಲ್ಲಿರುತ್ತಾರೆ. ಅಜ್ಜಿ ನಿಲ್ಲಿಸಿದರೆ ಕೌದಿಯಿಂದ ಹೊರಗೆ ತಲೆ ಹಾಕುತ್ತಾರೆ. ಮಂತ್ರ, ಮಾಯದ ಕನ್ನಡಿ, ಹಾರುವ ಯಂತ್ರ ಯಾವುದೂ ಬೇಕಾಗಲಿಲ್ಲ. ಮಂತ್ರವಿದ್ದಿದ್ದರೆ ನಮ್ಮ ಸಭೆಯಲ್ಲಿ ಕೆಲವು ತಾಯಂದಿರು ಒಪ್ಪುತ್ತಿರಲಿಲ್ಲ. ಮಂತ್ರದಿಂದ ಆರಂಭವಾದ ಕಥೆಯಲ್ಲಿ ಮುಂದೆ ದೇವರು ಮಾಡಿದ ಅದ್ಭುತವೂ ಮಗುವಿಗೆ ಅದೇ ಜಾತಿಯದಾಗಿ ಕಾಣುತ್ತದೆ ಎಂಬುದು ನನ್ನ ಸ್ವಂತ ಆಕ್ಷೇಪಣೆಯೂ ಆಗಿತ್ತು.

ಕಲ್ಲು ಆರಿಸಿದ ಪ್ರಕರಣದ ನಂತರ ನಾನು ಒಂದು ಕಟ್ಟುಪಾಡು ಹಾಕಿಕೊಂಡೆ. ಅಲ್ಲಿಗೆ ಹೋದ ನನ್ನ ಕಥೆಯ ಮಕ್ಕಳು ನೋಡಬಹುದು, ಓಡಬಹುದು, ಹೆದರಬಹುದು, ದಾರಿ ತಪ್ಪಬಹುದು, ಹಸಿಯಬಹುದು. ಆದರೆ ಸತ್ಯವೇದದಲ್ಲಿ ಯಾರು ಏನು ಮಾಡಿದ್ದಾರೋ ಅದನ್ನು ಅವರು ಮಾಡಕೂಡದು, ಅಲ್ಲಿಲ್ಲದ ಅದ್ಭುತವನ್ನು ಸೇರಿಸಕೂಡದು. ಬರೆಯುವಾಗ ಇದು ಕೈಕಟ್ಟಿದಂತೆ ಅನ್ನಿಸಿದ್ದುಂಟು. ಹೊಸ ಕರಡಿನಲ್ಲಿ ಚಿನ್ನಪ್ಪ ಏಲಾ ತಗ್ಗಿಗೆ ದಾವೀದನ ಹಿಂದೆ ಬರುತ್ತಾನೆ, ದಾವೀದ ತಂದೆಯ ಮಾತಿನಂತೆ ಅಣ್ಣಂದಿರಿಗೆ ಹುರಿಗಾಳು ಮತ್ತು ಹತ್ತು ರೊಟ್ಟಿಗಳನ್ನು ಹೊತ್ತಿರುತ್ತಾನೆ, ಚಿನ್ನಪ್ಪನಿಗೆ ಆ ಹುರಿಗಾಳಿನ ವಾಸನೆಗೆ ಸುಗ್ಗಿಯಲ್ಲಿ ಸುಟ್ಟು ತಿನ್ನುವ ಎಳೆಜೋಳದ ಸೀತನಿಯ ನೆನಪಾಗಿ ಹೊಟ್ಟೆ ಚುರುಗುಟ್ಟುತ್ತದೆ. ಹಳ್ಳದ ಬಳಿ ದಾವೀದ ಬಗ್ಗಿದಾಗ ಇವನು ಆಚೆ ದಂಡೆಯ ಪೊದೆಯಲ್ಲಿ ಉಸಿರು ಬಿಗಿಹಿಡಿದು ಎಣಿಸುತ್ತಾನೆ: ಒಂದು, ಎರಡು, ಮೂರು. ಓದುವಾಗ ಮಕ್ಕಳೂ ಕೂಡಿ ಎಣಿಸಿದರು. ಕಲ್ಲು ಆರಿಸಿಕೊಟ್ಟ ಚಿನ್ನಪ್ಪನಿಗಿಂತ ಎಣಿಸಿದ ಚಿನ್ನಪ್ಪನೇ ಅವರಿಗೆ ಹತ್ತಿರದವನಾದ.

ಕವಣೆಯನ್ನು ನಾನು ವಿವರಿಸಬೇಕಾಗಲಿಲ್ಲ. ಜೋಳ ಹಾಲುಗಾಳಾದಾಗ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಹೊಡೆಯುವವರ ಕೈಯಲ್ಲಿ ಅದನ್ನು ನೋಡಿದ ಮಕ್ಕಳು ನನ್ನ ತರಗತಿಯಲ್ಲಿ ಇನ್ನೂ ಇದ್ದಾರೆ. ಗೊಲ್ಯಾತನ ಎತ್ತರ ಮಾತ್ರ ಅವರಿಗೆ ತಿಳಿಯಲಿಲ್ಲ. ಆರು ಮೊಳ ಒಂದು ಗೇಣು ಎಂದು ಬರೆದಿದೆ. ಚರ್ಚಿನ ಆವರಣದ ಗೋಡೆಯ ಮೇಲೆ ನಿಚ್ಚಣಿಕೆ ಹಾಕಿ ನನ್ನ ಮೊಣಕೈಯಿಂದಲೇ ಅಳೆದು ಸುಣ್ಣದ ಗೆರೆ ಎಳೆದೆ, ಸುಮಾರು ಒಂಬತ್ತೂವರೆ ಅಡಿಯಾಯಿತು. ಸಾಲಾಗಿ ಬಂದು ಗೆರೆಯ ಕೆಳಗೆ ನಿಂತು ಮೇಲೆ ನೋಡಿದ ಮಕ್ಕಳು ಆ ದಿನ ಮಾತಾಡಲಿಲ್ಲ. (ಪುರಾತನ ಗ್ರೀಕ್ ಭಾಷಾಂತರದ ಪ್ರತಿಗಳಲ್ಲಿ ನಾಲ್ಕು ಮೊಳ ಒಂದು ಗೇಣು ಎಂದಿದೆ, ಅಂದರೆ ಆರೂವರೆ ಅಡಿಯ ಆಸುಪಾಸು. ನಮ್ಮ ಕೈಯಲ್ಲಿರುವ ಸತ್ಯವೇದದ ಅಳತೆಯನ್ನೇ ನಾನು ಉಳಿಸಿಕೊಂಡೆ. ದೊಡ್ಡ ಮಕ್ಕಳು ಕೇಳಿದರೆ ಎರಡನ್ನೂ ಹೇಳುತ್ತೇನೆ.) ಗೊಲ್ಯಾತ ಬೋರಲಾಗಿ ಬಿದ್ದಲ್ಲಿಗೆ ನನ್ನ ಕಥೆ ಮುಗಿಯುತ್ತದೆ. ನಂತರ ಕತ್ತಿಯಿಂದ ನಡೆದದ್ದನ್ನು ಐದು ವರ್ಷದವರಿಗೆ ಓದುವುದಿಲ್ಲ. ಆದರೆ ಅದು ನಡೆಯಲಿಲ್ಲ ಎಂದೂ ಬರೆಯುವುದಿಲ್ಲ. "ಇನ್ನೂ ಐತಿ, ನೀವು ದೊಡ್ಡವರಾದ ಮ್ಯಾಲೆ ಓದ್ರಿ" ಎಂದು ಅಜ್ಜಿ ಹೇಳಿ ಕೌದಿ ಮಡಿಸುತ್ತಾಳೆ. ಬಿಡುವುದು ಬೇರೆ, ತಿದ್ದುವುದು ಬೇರೆ.

ಕಟ್ಟುಪಾಡು ಬರೆಯುವ ನನಗಾಯಿತು. ಕೇಳುವ ಮಗುವಿಗೆ ಗೆರೆ ಕಾಣುವುದು ಹೇಗೆ? ಅಚ್ಚಿನಲ್ಲಿ ಸತ್ಯವೇದದ ಭಾಗಗಳನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದು ಇನ್ನೂ ಓದಲು ಬಾರದ ಮಕ್ಕಳಿಗೆ ನಿರುಪಯೋಗವಾಗಿತ್ತು. ಕೊನೆಗೆ ಓದುವ ರೀತಿಯನ್ನೇ ಬದಲಿಸಿದೆ. ಮಡಿಲಲ್ಲಿ ಸತ್ಯವೇದ ಇರುತ್ತದೆ. ಕರುಣಾ, ಚಿನ್ನಪ್ಪ, ಅಜ್ಜಿಯ ಭಾಗ ಬಂದಾಗ ಅದನ್ನು ಮುಚ್ಚುತ್ತೇನೆ. ದಾವೀದನ ಭಾಗ ಬಂದಾಗ ತೆರೆಯುತ್ತೇನೆ. ಮೂರನೆಯ ವಾರಕ್ಕೇ ಮಕ್ಕಳು ನಾನು ತೆರೆಯಲು ಮರೆತರೆ, "ಅಕ್ಕೋರ, ಪುಸ್ತಕ ತಗೀರಿ" ಎನ್ನತೊಡಗಿದರು. ಮನೆಯಲ್ಲಿ ಓದಿ ಹೇಳುವ ತಾಯಂದಿರಿಗೂ ಹೀಗೆಯೇ ಮಾಡಲು ಹೇಳಿದ್ದೇನೆ, ಎಲ್ಲರೂ ಮಾಡುವುದಿಲ್ಲ.

ಭಾಷೆಯ ವಿಷಯದಲ್ಲಿ ಜಗಳವೇ ಆಯಿತೆನ್ನಬಹುದು. ಅಜ್ಜಿ ಮತ್ತು ಮಕ್ಕಳು ನಮ್ಮ ವಿಜಯಪುರದ ಮಾತನ್ನೇ ಆಡುತ್ತಾರೆ. ಕಥೆ ಹೇಳುವ ಕನ್ನಡ ಸರಳವಾದ ಬರಹದ ಕನ್ನಡ. ಸತ್ಯವೇದದ ವ್ಯಕ್ತಿಗಳ ಮಾತು ಸತ್ಯವೇದದಲ್ಲಿದ್ದಂತೆಯೇ ಇರುತ್ತದೆ. ದೇವರ ವಾಕ್ಯದ ಪಕ್ಕದಲ್ಲಿ "ಬರ್ತೀನಿ, ಹೋಗ್ತೀನಿ" ಬರುವುದು ಗೌರವವಲ್ಲ ಎಂದು ಕೆಲವರು ಮುನಿಸಿಕೊಂಡರು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟೆಲ್ ಅವರು 1862ರಷ್ಟು ಹಿಂದೆಯೇ ಕ್ರಿಸ್ತನ ಕಥೆಯನ್ನು ಈ ನೆಲದ ಹಾಡಿನ ಧಾಟಿಗೆ ಅಳವಡಿಸಿದ್ದನ್ನು ಸಭಾಪಾಲಕರು ನೆನಪಿಸಿದ ಮೇಲೆ ಮಾತು ತಣ್ಣಗಾಯಿತು. ಮಕ್ಕಳ ತಕರಾರು ಬೇರೆಯದೇ ಆಗಿತ್ತು: ಗೊಲ್ಯಾತ ಬೈಯುವಾಗಲೂ ಯಾಕೆ ಪುಸ್ತಕದ ಕನ್ನಡ ಆಡುತ್ತಾನೆ? ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ, ನಿಯಮ ನಿಯಮವೆಂದು ಬಿಟ್ಟೆ.

ಬರೆಯುತ್ತ ಹೋದಂತೆ ಸತ್ಯವೇದದಲ್ಲಿಯೇ ಹೆಸರಿಲ್ಲದ ಮಕ್ಕಳು ಎಷ್ಟೊಂದು ಮಂದಿ ನಿಂತಿದ್ದಾರೆಂದು ಕಾಣತೊಡಗಿತು. ಐದು ಜವೆಗೋಧಿಯ ರೊಟ್ಟಿ, ಎರಡು ಮೀನು ಇಟ್ಟುಕೊಂಡಿದ್ದ ಹುಡುಗನನ್ನು ಯೇಸುವಿನ ಚರಿತ್ರೆ ಬರೆದ ನಾಲ್ವರು ಸುವಾರ್ತಿಕರಲ್ಲಿ ಯೋಹಾನನೊಬ್ಬನೇ ನೆನಪಿಟ್ಟಿದ್ದಾನೆ. ಕುಷ್ಠ ಹತ್ತಿದ ಅರಾಮ್ಯರ ಸೇನಾಪತಿ ನಾಮಾನನ ಹೆಂಡತಿಗೆ ಅದನ್ನು ವಾಸಿಮಾಡಬಲ್ಲ ಪ್ರವಾದಿಯ ಸುಳಿವು ಕೊಟ್ಟವಳು ಸೆರೆಯಾಗಿ ಬಂದ ಚಿಕ್ಕ ಹುಡುಗಿ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಪೊಸ್ತಲ ಪೌಲನ ಅಕ್ಕನೋ ತಂಗಿಯೋ ಅವಳ ಮಗನ ಕಥೆ. ಪೌಲನನ್ನು ಕೊಲ್ಲುವ ತನಕ ಅನ್ನನೀರು ಮುಟ್ಟುವುದಿಲ್ಲವೆಂದು ನಲವತ್ತಕ್ಕಿಂತ ಹೆಚ್ಚು ಜನ ಶಪಥ ಮಾಡಿದ್ದು ಈತನ ಕಿವಿಗೆ ಬೀಳುತ್ತದೆ, ಯೆರೂಸಲೇಮಿನ ಕೋಟೆಯೊಳಗೆ ಹೋಗಿ ಪೌಲನಿಗೆ ತಿಳಿಸುತ್ತಾನೆ, ಸಹಸ್ರಾಧಿಪತಿ ಇವನ ಕೈಹಿಡಿದು ಒಂದು ಕಡೆಗೆ ಕರೆದುಕೊಂಡು ಹೋಗಿ ಕೇಳುತ್ತಾನೆ, ಆ ರಾತ್ರಿಯೇ 200 ಸಿಪಾಯಿಗಳು, 70 ಕುದುರೆಸವಾರರು, 200 ಭರ್ಜಿಯವರ ಕಾವಲಿನಲ್ಲಿ ಪೌಲನು ಕೈಸರೈಯಕ್ಕೆ ಹೊರಡುತ್ತಾನೆ. ರೋಮಿನ ದಳಪತಿ ಒಬ್ಬ ಹುಡುಗನ ಕೈಹಿಡಿದ ಎಂಬ ವಿವರವನ್ನು ನಾನು ಕಲ್ಪಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದು ಮೂಲದಲ್ಲಿಯೇ ಇದೆ. ಆದರೆ ಮೂಲ ಅವನನ್ನು ಯೌವನಸ್ಥನೆಂದು ಕರೆಯುತ್ತದೆ. ಎಂಟು ವರ್ಷದವನನ್ನಾಗಿ ಮಾಡುವ ಆಸೆ ಬಹಳವಿತ್ತು, ಮಾಡಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಅವನಿಗಾಗಿ ಕಾಯುವವಳು ಎಂಟು ವರ್ಷದ ಕರುಣಾ.

ಕದ್ದು ಕೇಳಿಸಿಕೊಳ್ಳುವುದೆಂದರೇನೆಂದು ತೋರಿಸಲು ಮಕ್ಕಳನ್ನು ಒಂದು ಬೆಳಿಗ್ಗೆ ಗೋಳಗುಮ್ಮಟಕ್ಕೆ ಕರೆದೊಯ್ದೆ. ಬಾಗಿಲು ತೆರೆದ ಕೂಡಲೇ ಹತ್ತಬೇಕು, ಪ್ರವಾಸಿಗರು ಬಂದು ಕೂಗತೊಡಗಿದರೆ ಏನೂ ತಿಳಿಯುವುದಿಲ್ಲ. ಮೇಲಿನ ಮೊಗಸಾಲೆಯ ಒಂದು ಬದಿಯಲ್ಲಿ ನಾನು ಗೋಡೆಗೆ ಮುಖಮಾಡಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕುಳಿತವರಿಗೆ ಕೇಳಿಸಿತು. ವಾಪಸು ಬರುವಾಗ ಒಬ್ಬ ಹುಡುಗ, ಆ ನಲವತ್ತು ಮಂದಿ ಮುಂದೆ ಉಪವಾಸದಿಂದ ಸತ್ತರೇ ಎಂದು ಕೇಳಿದ. ಬರೆದಿಲ್ಲ ಎಂದೆ. ಬರೆದಿಲ್ಲ ಎಂಬ ಉತ್ತರವನ್ನು ಮಕ್ಕಳು ದೊಡ್ಡವರಿಗಿಂತ ಸುಲಭವಾಗಿ ಒಪ್ಪುತ್ತಾರೆ.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಒಂದು ಕಥೆ ಮಾತ್ರ ತಾನಾಗಿಯೇ ಬರೆಯಿಸಿಕೊಂಡಿತು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಿಂದ ಒಳಗೆ ಹೋಗಲಾಗದೆ, ಮಾಳಿಗೆ ಹತ್ತಿ ಅದನ್ನು ಅಗೆದು ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸಿದರೆಂದು ಮಾರ್ಕನು ಬರೆಯುತ್ತಾನೆ. ಹೆಂಚಿನ ಮನೆಯ ಮಗುವಿಗೆ ಮನೆಯ ಮೇಲೆ ಅಗೆಯುವುದು ವಿಚಿತ್ರವೆನಿಸೀತು. ನಮ್ಮ ಹಳ್ಳಿಗಳ ಮಕ್ಕಳಿಗೆ ಜಂತಿ, ಅದರ ಮೇಲೆ ಬೇವಿನ ತೊಪ್ಪಲು, ಅದರ ಮೇಲೆ ಮಣ್ಣು ಎಂಬುದೇ ಮನೆ. ಬೇಸಿಗೆಯಲ್ಲಿ ಮಲಗುವುದೂ ಅಲ್ಲಿಯೇ, ಕೆಳಗೆ ಅಡುಗೆಮನೆಯಲ್ಲಿ ಏನು ನಡೆದಿದೆಯೆಂದು ಬೆಳಕಿಂಡಿಯಿಂದ ಇಣುಕುವುದೂ ಅಲ್ಲಿಂದಲೇ. ಇದೇ ಘಟನೆಯನ್ನು ಹೇಳುವಾಗ ಲೂಕನು ಹೆಂಚುಗಳನ್ನು ತೆಗೆದರು ಎನ್ನುತ್ತಾನೆ. ಖಾನಾಪುರದ ಕಡೆಯ ಶಿಕ್ಷಕಿಯೊಬ್ಬರು ಈ ಕಥೆಯನ್ನು ತಮ್ಮ ಮಕ್ಕಳಿಗೆ ಓದಲು ಕೇಳಿದಾಗ, ಮಲೆನಾಡಿನ ಆ ಹೆಂಚಿನ ಮನೆಗಳ ಮಕ್ಕಳಿಗಾಗಿ ಲೂಕನ ಐದನೆಯ ಅಧ್ಯಾಯದ ಮೇಲೆಯೇ ಇನ್ನೊಂದು ಪ್ರತಿ ಮಾಡಿಕೊಟ್ಟೆ. ಅದಕ್ಕಾಗಿ ಸತ್ಯವೇದದ ಒಂದಕ್ಷರವನ್ನೂ ನಾನು ಬದಲಿಸಬೇಕಾಗಲಿಲ್ಲವೆಂಬುದು ನನಗೆ ಈಗಲೂ ಖುಷಿಯ ಸಂಗತಿ.

ವಿಜಯಪುರದಲ್ಲಿ ಇದನ್ನು ಮೊದಲ ಸಲ ಓದಿದಾಗ, ಎದ್ದು ಹಾಸಿಗೆ ಹೊತ್ತು ನಡೆದವನನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಗೌಂಡಿಯ ಮಗ ತಟ್ಟಲಿಲ್ಲ. "ಅಕ್ಕೋರ, ಆಮ್ಯಾಲೆ ಆ ಮನೀ ಮಾಳಗಿ ಯಾರು ಮುಚ್ಚಿದ್ರು?" ಎಂದು ಕೇಳಿದ. ಮಾರ್ಕನೂ ಬರೆದಿಲ್ಲ, ಲೂಕನೂ ಬರೆದಿಲ್ಲ. ಬರೆದಿಲ್ಲ ಎಂದೆ, ಅವನಿಗೆ ಸಾಲಲಿಲ್ಲ. ಮಳೆ ಬಂದರೆ ಆ ಮನೆಯವರು ಎಲ್ಲಿ ಮಲಗಬೇಕು ಎಂಬುದು ಅವನ ಚಿಂತೆ. ಮುಂದಿನ ವಾರದೊಳಗೆ ನಾನು ಒಂದು ಪುಟ ಬರೆದೆ. ಮರುದಿನ ನಸುಕಿನಲ್ಲಿ ಆ ನಾಲ್ವರೂ ಮಣ್ಣು, ಹೊಟ್ಟು, ನೀರು ಹೊತ್ತುಕೊಂಡು ಬರುತ್ತಾರೆ, ಅವರ ಹಿಂದೆ ಐದನೆಯವನೊಬ್ಬನು ತನ್ನ ಕಾಲಿನಿಂದಲೇ ನಡೆದು ಬಂದು ಅದೇ ಕಾಲಿನಿಂದ ಮಣ್ಣು ತುಳಿಯುತ್ತಾನೆ, ಚಿನ್ನಪ್ಪನಿಗೆ ಮೊಣಕಾಲ ತನಕ ಕೆಸರಾಗುತ್ತದೆ. ಆ ಪುಟವನ್ನು ಸತ್ಯವೇದ ಮುಚ್ಚಿಟ್ಟುಕೊಂಡೇ ಓದುತ್ತೇನೆ.