ಅಟ್ಟದ ಟ್ರಂಕಿನಲ್ಲಿ ಮೇಷ್ಟ್ರ ಕಾಗದಗಳಿವೆಯೇ?

ನಮ್ಮ ಮಾವನವರು ಜೀವನವಿಡೀ ಕನ್ನಡ ಪಾಠ ಹೇಳಿದವರು. ಅವರು ತೀರಿಕೊಂಡ ಮೇಲೆ ಮೈಸೂರಿನ ಸರಸ್ವತಿಪುರಂ ಮನೆಯ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದೆವು. ಒಳಗೆ ಇನ್‌ಲ್ಯಾಂಡ್ ಪತ್ರ, ಪೋಸ್ಟ್‌ಕಾರ್ಡ್, ತಿದ್ದಿದ ಪ್ರೂಫ್, ಹಾಲಿನ ಲೆಕ್ಕ, ಎಲ್ಲ ಒಟ್ಟಿಗೆ ಇದ್ದವು. ಅಚ್ಚುಕಟ್ಟು ಮಾಡುವ ಹುರುಪಿನಲ್ಲಿ ಲಕೋಟೆಗಳನ್ನೆಲ್ಲ ಎಸೆದುಬಿಟ್ಟೆವು. ಆಮೇಲೆ ನೋಡಿದರೆ ಎಷ್ಟೋ ಪತ್ರಗಳಿಗೆ ತಾರೀಖೇ ಇಲ್ಲ. ಅದು ಇದ್ದದ್ದು ಲಕೋಟೆಯ ಅಂಚೆ ಮುದ್ರೆಯಲ್ಲಿ. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಹಾಗಾಗಿ ಮೊದಲ ಕೆಲಸ: ಏನನ್ನೂ ಎಸೆಯಬೇಡಿ, ಜೋಡಿಸಲೂ ಬೇಡಿ. ಟ್ರಂಕು ತೆರೆದ ಹಾಗೇ ಫೋಟೊ ತೆಗೆದುಕೊಳ್ಳಿ. ಯಾವ ಪತ್ರದ ಪಕ್ಕ ಯಾವ ಟಿಪ್ಪಣಿ ಇತ್ತು ಅನ್ನುವುದೂ ಒಂದು ಮಾಹಿತಿಯೇ. ಹಾಲಿನ ಲೆಕ್ಕದ ಹಿಂದೆ ಒಂದು ಪದದ ಅರ್ಥ ಬರೆದಿರಬಹುದು.

ಆಷಾಢದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ತೇವದ ಗಾಳಿಗೆ ಬೂಷ್ಟು ಹಿಡಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯದು. ಬಿಸಿಲಿಗೆ ಹರಡುವ ಅಭ್ಯಾಸ ಬಿಡಿ, ಶಾಯಿ ಮಾಸುತ್ತದೆ. ನೆರಳಲ್ಲಿ, ಹಳೇ ಹತ್ತಿ ಸೀರೆಯ ಮೇಲೆ ಹರಡಿ ಮೆತ್ತನೆಯ ಬ್ರಷ್‌ನಿಂದ ಧೂಳು ಸವರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇನ್ನು ಗುಂಡುಪಿನ್ನು. ಇದಕ್ಕೆ ತಾಳ್ಮೆ ಬೇಕು. ತುಕ್ಕು ಹಿಡಿದ ಪಿನ್ನು ಕಾಗದಕ್ಕೆ ಅಂಟಿಕೊಂಡು ಸುತ್ತ ಕಂದು ಕಲೆ ಮಾಡಿರುತ್ತದೆ. ಸುಮ್ನೆ ಎಳೆದರೆ ಕಾಗದವೂ ಕಿತ್ತು ಬರುತ್ತದೆ. ಪಿನ್ನಿನ ಕೆಳಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಪಿನ್ನನ್ನು ಮೆಲ್ಲಗೆ ಅಲುಗಿಸಿ, ಅದು ಸಡಿಲವಾದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿಸಿ. ಮತ್ತೆ ಪಿನ್ನು ಚುಚ್ಚಬೇಡಿ. ಒಂದು ಪತ್ರದ ಹಾಳೆಗಳನ್ನೂ ಅದರ ಲಕೋಟೆಯನ್ನೂ ಮಡಿಸಿದ ಬಿಳಿ ಹಾಳೆಯೊಳಗೆ ಇಡಿ. ಆಮ್ಲರಹಿತ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು.

ಹರಿದಿದ್ದರೆ ಹರಿದಂತೆ ಬಿಡಿ, ಸೆಲೋಟೇಪ್ ಬೇಡವೇ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಕಂದಾಗುತ್ತದೆ. ಲ್ಯಾಮಿನೇಶನ್ ಅಂತೂ ಇನ್ನೂ ಕೆಟ್ಟದ್ದು. ಬಿಸಿಗೆ ಕರಗಿದ ಪ್ಲಾಸ್ಟಿಕ್ಕನ್ನು ಕಾಗದದಿಂದ ಬಿಡಿಸುವುದು ಬಹಳ ಕಷ್ಟ. ರಬ್ಬರ್ ಬ್ಯಾಂಡೂ ಬೇಡ.

ಬೆಳ್ಳಿಹುಳಕ್ಕೆ ನಮ್ಮ ಹಿರಿಯರು ಬೇವಿನೆಲೆ, ಬಜೆ ಇಡುತ್ತಿದ್ದರು. ಇಡಬಹುದು, ಆದರೆ ಬಟ್ಟೆಯ ಗಂಟು ಕಟ್ಟಿ, ಕಾಗದಕ್ಕೆ ತಗುಲದಂತೆ. ಪತ್ರಗಳನ್ನು ಗಂಜಿ ಹೋಗುವಂತೆ ಒಗೆದ ಕೋರಾ ಬಟ್ಟೆಯಲ್ಲಿ ಕಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿ. ಅಟ್ಟಕ್ಕೆ ವಾಪಸ್ ಬೇಡ, ಶೀಟಿನ ಶಾಖ ಜಾಸ್ತಿ. ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ.

ಈಗ ಪಟ್ಟಿ. ಪೆನ್ಸಿಲ್‌ನಿಂದ ಪ್ರತಿ ಪತ್ರದ ಹಿಂಬದಿ ಮೂಲೆಯಲ್ಲಿ ನಂಬರು ಹಾಕಿ. ಪೆನ್ನು ಮುಟ್ಟಬೇಡಿ. ನೋಟ್‌ಬುಕ್ಕಿನಲ್ಲಿ ನಂಬರು, ಬರೆದವರು, ಊರು, ತಾರೀಖು, ವಿಷಯ ಬರೆದುಕೊಳ್ಳಿ. ತಾರೀಖು ಇಲ್ಲದಿದ್ದರೆ ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಅದು ಇದ್ದರೆ ಪತ್ರ ಅದಕ್ಕಿಂತ ಹಳೆಯದಲ್ಲ. 'ಮೈಸೂರು ರಾಜ್ಯ' ಅಂತಿದ್ದರೆ ಬಹುಶಃ 1973ರ ನವೆಂಬರ್‌ಗೆ ಮೊದಲಿನದು. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಹಿರಿಯರು ಸಂವತ್ಸರ ಬರೆದಿದ್ದರೆ ಅದೃಷ್ಟ: 'ಕ್ರೋಧಿ' ಅಂದರೆ 1964-65. ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಗೊಂದಲಕ್ಕೆ ಅವಕಾಶ ಕಡಿಮೆ.

ನಂಬರಿನ ಹೆಸರಲ್ಲೇ ಫೋಟೊಗಳನ್ನೂ ಉಳಿಸಿ. ಕಿಟಕಿಯ ಬೆಳಕು ಸಾಕು, ಫ್ಲಾಶ್ ಬೇಡ. ಎರಡೂ ಮಗ್ಗುಲು, ಲಕೋಟೆ, ಎಲ್ಲ ತೆಗೆಯಿರಿ. ಎರಡು ಕಡೆ ಪ್ರತಿ ಇರಲಿ.

ಸಂಸ್ಥೆಗೆ ಕೊಡುವ ಮನಸ್ಸಿದ್ದರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿರುವ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ವಿಚಾರಿಸಿ. ತಾಳೆಗರಿ, ಹಸ್ತಪ್ರತಿಗಳಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಥವಾ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತನ್ನು ಕೇಳಿ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿಗೆ ತಂದುಕೊಟ್ಟ ಗರಿಯ ಕಟ್ಟಿನಲ್ಲೇ ಅಲ್ವಾ ಈ ಸಂಶೋಧನಾಲಯದ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು! 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಕೊಡುವಾಗ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ. ಮನೆಯ ಖಾಸಗಿ ಪತ್ರಗಳನ್ನು ಇಂತಿಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಕೇಳಬಹುದು. ಇನ್ನೊಂದು ವಿಷಯ: ಬಂದ ಪತ್ರದ ಕಾಗದ ನಿಮ್ಮದು, ಬರಹದ ಹಕ್ಕು ಬರೆದವರದು. ಪ್ರಕಟಿಸುವ ಮುಂಚೆ ಅವರನ್ನೋ ಅವರ ವಾರಸುದಾರರನ್ನೋ ಕೇಳಬೇಕು.

ಇದೆಲ್ಲ ನಿಧಾನವಾಗಿ ಮಾಡಬಹುದು. ಕಾಯಬಾರದ ಕೆಲಸ ಒಂದೇ: ಪತ್ರದಲ್ಲಿರುವ ಜನರನ್ನು ಬಲ್ಲ ಹಿರಿಯರ ಜೊತೆ ಕೂರುವುದು. 'ನಮ್ಮ ದೇವಸ್ಥಾನದ ಬೀದಿಯವರು' ಅಂತ ಮಾವನವರ ಸ್ನೇಹಿತರೊಬ್ಬರು ಪತ್ರದಿಂದ ಪತ್ರಕ್ಕೆ ಬರೆದಿದ್ದರು. ಯಾರೆಂದು ನಮಗೆ ತಿಳಿಯಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿದರು. 'ಅಯ್ಯೋ, ಇವರು ನಮ್ಮ ಮದುವೆಗೆ ಬಂದಿದ್ದರು' ಅಂದವರೇ ಹೆಸರು, ಮನೆ, ಮಕ್ಕಳು ಎಲ್ಲ ಹೇಳಿದರು. ನಾನು ಪೆನ್ಸಿಲ್ ಹಿಡಿದು ಬರೆದುಕೊಂಡೆ.