ಅಟ್ಲಾಂಟಾಗೆ ಹೊಸದಾಗಿ ಬಂದಿದ್ದೀರಾ? ಸವಾನಾ ಚೌಕಗಳನ್ನ ನಡೆದೇ ನೋಡಿ

ಲಾಂಗ್ ವೀಕೆಂಡ್ ಬಂತು ಅಂದ್ರೆ ಹೊಸಬರು ಎಲ್ಲಿಗೆ ಹೋಗೋಣ ಅಂತ ಕೇಳ್ತಾರೆ, ನಾನು ಮೊದಲು ಹೇಳೋದು ನಮ್ಮ ಜಾರ್ಜಿಯಾದಲ್ಲೇ ಇರೋ ಹಳೇ ಊರು ಸವಾನಾ. ಕಾರಲ್ಲಿ ಹೆಚ್ಚುಕಮ್ಮಿ 4 ಗಂಟೆ. ಬಹಳ ಜನ ರಿವರ್ ಸ್ಟ್ರೀಟಲ್ಲಿ ಫೋಟೋ ತೆಗ್ದು ಟೈಬೀ ಬೀಚ್ ನೋಡಿ ವಾಪಸ್ ಬಂದ್ಬಿಡ್ತಾರೆ, ಆದ್ರೆ ಆ ಊರಿನ ಜೀವ ಇರೋದು ಚೌಕಗಳಲ್ಲಿ. 1733ರಲ್ಲಿ ಓಗಲ್‌ಥಾರ್ಪ್ ಊರು ಕಟ್ಟುವಾಗ್ಲೇ ಮನೆಗಳ ನಡುವೆ ಎಲ್ಲರಿಗೂ ಸೇರಿದ ಬಯಲು ಅಂತ ಬಿಟ್ಟಿದ್ದು, ಊರು ಬೆಳೀತಾ 24 ಆಯ್ತು, ಈಗ 22 ಇವೆ.

ಕಾರನ್ನ ಎಲ್ಲಿಸ್ ಸ್ಕ್ವೇರ್ ಕೆಳಗಿರೋ ಪಾರ್ಕಿಂಗಲ್ಲಿ ಬಿಡಿ. 1954ರಲ್ಲಿ ಇಲ್ಲಿದ್ದ ಹಳೇ ಮಾರ್ಕೆಟ್ ಕೆಡವಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿದ್ರು, ಆ ಸಂಕಟಕ್ಕೇ ಮರುವರ್ಷ ಏಳು ಜನ ಹೆಂಗಸರು ಸಂಘ ಕಟ್ಟಿ ಹಳೇ ಮನೆಗಳನ್ನ ಉಳಿಸೋಕೆ ನಿಂತ್ರು, ಕೊನೆಗೆ ಆ ಕಟ್ಟಡನೂ ಹೋಗಿ 2010ರಲ್ಲಿ ಚೌಕ ಮತ್ತೆ ತೆರೀತು.

ಅಲ್ಲಿಂದ ಬುಲ್ ಸ್ಟ್ರೀಟ್ ಹಿಡ್ಕೊಂಡು ಫೋರ್ಸೈತ್ ಪಾರ್ಕ್ ತನಕ ನೇರ ನಡೀರಿ, ದಾರೀಲಿ ಐದು ಚೌಕ ಸಿಗತ್ತೆ. ಊರಿಂದ ಅಪ್ಪ ಅಮ್ಮ ಬಂದಿದ್ರೂ ಕಷ್ಟ ಇಲ್ಲ, ನೆಲ ಮಟ್ಟಸ, ಪ್ರತಿ ಚೌಕದಲ್ಲೂ ಬೆಂಚು, ಮೇಲೆ ಓಕ್ ಮರದ ನೆರಳು. (ರಿವರ್ ಸ್ಟ್ರೀಟ್ ಹಾಗಲ್ಲ, ಅಲ್ಲಿ ಮೆಟ್ಟಿಲು ಕಡಿದು, ಕಲ್ಲಿನ ರಸ್ತೆ, ಸ್ಟ್ರೋಲರ್ ಉರುಳಲ್ಲ.) ಮರದಿಂದ ಜಡೆ ಥರ ಇಳಿಬಿದ್ದಿರೋದು ಪಾಚಿ ಅಲ್ಲ, ಅನಾನಸ್ ಕುಟುಂಬದ ಗಿಡ. ನೆಲಕ್ಕೆ ಬಿದ್ದಿದ್ದನ್ನ ಮಕ್ಕಳ ಕೈಗೆ ಕೊಡ್ಬೇಡಿ, ಅದ್ರಲ್ಲಿ ಕಚ್ಚೋ ಹುಳ ಇರಬಹುದು. ಜುಲೈ ಆಗಸ್ಟಲ್ಲಂತೂ ಮಂಗಳೂರಿನ ಸೆಕೆನೇ, ಬೇಡ.

ರೈಟ್ ಸ್ಕ್ವೇರಲ್ಲಿ ಮಾತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಓಗಲ್‌ಥಾರ್ಪ್‌ಗೆ ಜಾಗ ಬಿಟ್ಟುಕೊಟ್ಟ, ಯಾಮಕ್ರಾ ಅನ್ನೋ ಮೂಲನಿವಾಸಿ ಪಂಗಡದ ಮುಖ್ಯಸ್ಥ ಟೊಮೊಚಿಚಿನ 1739ರಲ್ಲಿ ಮಣ್ಣು ಮಾಡಿದ್ದು ಇಲ್ಲೇ. ಆಮೇಲೆ 1880ರ ದಶಕದಲ್ಲಿ ಅದೇ ಚೌಕದ ನಡುವೆ ರೈಲ್ವೆ ಕಂಪನಿಯ ಗಾರ್ಡನ್ ಅನ್ನೋರ ಸ್ಮಾರಕ ಕಟ್ಟಿದ್ರು. ಅದು ತಪ್ಪು ಅಂತ ಅನ್ನಿಸಿದ್ದು ಆ ಗಾರ್ಡನ್ ಅವರ ಸೊಸೆಗೇ, ಆಕೆ ಮತ್ತೆ ಜೊತೆಗಾರ್ತಿಯರು ಸೇರಿ 1899ರಲ್ಲಿ ಟೊಮೊಚಿಚಿ ಹೆಸರಲ್ಲಿ ಒಂದು ದೊಡ್ಡ ಬಂಡೆ ಇಡ್ಸಿದ್ರು. ನಾವೆಲ್ಲ ಹತ್ತೋಕೆ ಹೋಗ್ತೀವಲ್ಲ ಅಟ್ಲಾಂಟಾ ಪಕ್ಕದ ಸ್ಟೋನ್ ಮೌಂಟನ್ ಬೆಟ್ಟ, ಬಂಡೆ ಅಲ್ಲಿಂದ್ಲೇ ಬಂದಿದ್ದು. ಕಂಬಗಳ ಸ್ಮಾರಕದ ಫೋಟೋ ತೆಗೆದು ಹೋಗ್ಬಿಟ್ರೆ ಮೂಲೆಯಲ್ಲಿರೋ ಈ ಕಲ್ಲು ತಪ್ಪಿಹೋಗತ್ತೆ.

ಕಾಲು ನೋವಿಲ್ಲ ಅಂದ್ರೆ ಮಾಂಟೆರೆ ಸ್ಕ್ವೇರಿಂದ ಪೂರ್ವಕ್ಕೆ ತಿರುಗಿ ಟೇಲರ್ ಸ್ಕ್ವೇರ್‌ಗೂ ಹೋಗಿ. ಗುಲಾಮಗಿರಿನ ಗಟ್ಟಿಯಾಗಿ ಸಮರ್ಥಿಸ್ತಿದ್ದ ಕ್ಯಾಲ್ಹೂನ್ ಹೆಸರು ತೆಗೆದು 2023ರಲ್ಲಿ ಸೂಸಿ ಕಿಂಗ್ ಟೇಲರ್ ಹೆಸರಿಟ್ರು, ಗುಲಾಮಳಾಗಿ ಹುಟ್ಟಿ, ಇದೇ ಊರಲ್ಲಿ ಕದ್ದುಮುಚ್ಚಿ ಓದು ಕಲ್ತು, ಬೇರೆಯವರಿಗೆ ಪಾಠ ಹೇಳಿಕೊಟ್ಟ ಹೆಂಗಸು. ಮಕ್ಕಳನ್ನ ಕರ್ಕೊಂಡು ಹೋಗಿದ್ರೆ ಅಲ್ಲೇ ಬೆಂಚಲ್ಲಿ ಕೂರಿಸಿ ಆಕೆ ಕಥೆ ಹೇಳಿ, ನಮ್ಮ ಮನೇಲಿ ಹಾಗೇ ಮಾಡಿದ್ದು.