ಹಾಲಿನ ಲೋಟದಿಂದ ಶುರುವಾಗುವ ಶಿಸ್ತು

ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ನನ್ನದು. "ಮಾತು ಕೇಳದಿದ್ರೆ ನಾಲ್ಕು ಬಿಗೀರಿ ಮಿಸ್" ಅನ್ನುವ ಅಪ್ಪ-ಅಮ್ಮಂದಿರು ಇಲ್ಲಿ ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಹೊಡೆಯುವ ಹಾಗಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವ ಹಾಗಿಲ್ಲ. ಸರಿ, ಕೋಲಿನ ಬದಲು ಏನು ಅನ್ನೋದನ್ನ ನಾವೇ ಕಂಡುಕೊಳ್ಳಬೇಕು, ಅಲ್ವಾ?

ನನ್ನ ತರಗತಿಯಲ್ಲಿ ಪಾಠದ ನಡುವೆ ಗಲಾಟೆ ಕಡಿಮೆ. ಕ್ಷೀರಭಾಗ್ಯದ ಹಾಲು ಕುಡಿದು ಒಳಗೆ ಬರುವಾಗ, ಬಿಸಿಯೂಟ ಮುಗಿಸಿ ಬರುವಾಗಲೇ ಜಾಸ್ತಿ. ಅದಕ್ಕೆ ಜೂನ್ ತಿಂಗಳಲ್ಲಿ ಒಳಗೆ ಬರುವುದನ್ನೇ ಪಾಠದ ಹಾಗೆ ಕಲಿಸುತ್ತೇನೆ. ಲೋಟ ತೊಳೆಯೋದು, ಬುಟ್ಟಿಯಲ್ಲಿ ಬೋರಲು ಹಾಕೋದು, ಕೂತು ಬೋರ್ಡಿನ ಲೆಕ್ಕ ಶುರು ಮಾಡೋದು. ಮೊದಲು ನಾನು ಮಾಡಿ ತೋರಿಸುತ್ತೇನೆ. ಬೇಕಂತಲೇ ತಳ್ಳಾಡುತ್ತಾ ಬಂದರೆ ಬಿದ್ದು ಬಿದ್ದು ನಗುತ್ತಾರೆ, "ಹಂಗಲ್ಲ ಮಿಸ್" ಅಂತ ತಾವೇ ತಿದ್ದುತ್ತಾರೆ. ಆ ಲೆಕ್ಕ ಮಾತ್ರ ಬೋರ್ಡಿನ ಮೇಲೆ ಮೊದಲೇ ಇರಬೇಕು. ಕೈಗೆ ಕೆಲಸ ಇಲ್ಲದ ಎರಡು ನಿಮಿಷದಲ್ಲೇ ಜಗಳ ಹುಟ್ಟೋದು. ದಸರಾ ರಜೆ ಮುಗಿಯುವಷ್ಟರಲ್ಲಿ ಎಲ್ಲ ಮರೆತಿರುತ್ತಾರೆ, ಮತ್ತೆ ಮೊದಲಿಂದ.

"ಗುಡ್" ಅಂತ ಸುಮ್ನೆ ಅಂದರೆ ಯಾವುದಕ್ಕೆ ಅಂತ ಮಗುವಿಗೆ ಗೊತ್ತಾಗೋದಿಲ್ಲ. "ಕೇಳದೇ ಇದ್ರೂ ಅವನಿಗೆ ಸ್ಕೇಲ್ ಕೊಟ್ಟೆಯಲ್ಲ, ನೋಡಿದೆ" ಅಂದರೆ ಗೊತ್ತಾಗುತ್ತದೆ. ಗೋಡೆ ಮೇಲೆ ಸ್ಟಾರ್ ಅಂಟಿಸುವ ಚಾರ್ಟ್ ನನಗೆ ಹಿಡಿಸಲಿಲ್ಲ. ಖಾಲಿ ಉಳಿಯುವ ಹೆಸರು ಯಾವಾಗಲೂ ಅದೇ ನಾಲ್ಕು ಮಕ್ಕಳದ್ದು.

ಅಂಥವರಲ್ಲಿ ಒಬ್ಬ, ಟೊಮೆಟೊ ಕೊಯ್ಲಿನ ದಿನಗಳಲ್ಲಿ ಪಕ್ಕದವರ ಮೇಲೆ ಕೈ ಎತ್ತುತ್ತಿದ್ದ. ಎಲ್ಲರ ಮುಂದೆ ಕೇಳಿದ್ದರೆ ಇನ್ನೂ ಬಿಗಿದುಕೊಳ್ಳುತ್ತಿದ್ದ. ಉಳಿದವರಿಗೆ ಕೆಲಸ ಕೊಟ್ಟು ಅವನ ಪಕ್ಕ ಕೂತೆ, ಮನೆಮಾತು ತೆಲುಗಿನಲ್ಲೇ ಮೆಲ್ಲಗೆ ಮಾತಾಡಿಸಿದೆ. ಬೆರಳ ಸಂದಿಯಲ್ಲಿ ಗಿಡದ ಹಸಿರುಗಪ್ಪು ಕಲೆ ಇನ್ನೂ ಹೋಗಿರಲಿಲ್ಲ. ಮಾರ್ಕೆಟ್ಟಿಗೆ ಗಾಡಿ ಹೊರಡುವ ಮೊದಲು ಹಣ್ಣು ಬಿಡಿಸಬೇಕು. ನಸುಕಿಗೇ ಎದ್ದು ಬಿಡಿಸಿ, ಏನೂ ತಿನ್ನದೆ ಶಾಲೆಗೆ ಬಂದಿದ್ದ. ಹೊಟ್ಟೆ ಹಸಿದವನಿಗೆ ಶಿಸ್ತು ಹೇಳಿ ಏನು ಬಂತು!

ಕೊಯ್ಲಿನ ದಿನ ತಿಂಡಿ ಕಟ್ಟಿಕೊಡಿ ಅಂತ ಅವರಮ್ಮನಿಗೆ ಹೇಳಿದೆ. ಲೋಟ ಜೋಡಿಸುವ ಕೆಲಸ ಅವನಿಗೇ ಕೊಟ್ಟೆ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಕೈಸನ್ನೆಯೂ ಇದೆ: ಕೋಪ ಬಂದಾಗ ಅದನ್ನು ತೋರಿಸಿ ಹೊರಗೆ ಹೋಗಿ ನೀರು ಕುಡಿದು ಬರಬಹುದು. ಜಗಳ ಪೂರ್ತಿ ನಿಂತಿಲ್ಲ. ಲೆಕ್ಕ ಕಷ್ಟ ಇದ್ದ ದಿನವೂ ಆ ಸನ್ನೆ ಬರುತ್ತದೆ. ಆಗ "ಮೊದಲನೇ ಲೆಕ್ಕ ಮುಗಿಸಿ ಹೋಗು" ಅನ್ನುತ್ತೇನೆ.